ಪೊಂಪೇಯಿಯ ದೊಡ್ಡ ಮನೆಯಲ್ಲಿ ಅಮ್ಮ ಕೇಳಿದ್ದು: ‘ಇವರ ಅಡುಗೆಮನೆ ಎಲ್ಲಿ?’

ಶರಾವತಿ_ದಡ

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯಲ್ಲಿ. ಅಮ್ಮ ಸಾಗರದಿಂದ ಬಂದಿದ್ದರು, ಕಳೆದ ತಿಂಗಳು ಅವರನ್ನು ಇಟಲಿಗೆ ಕರೆದುಕೊಂಡು ಹೋಗಿದ್ದೆ. ನೇಪಲ್ಸ್‌ನಿಂದ ರೈಲು ಹತ್ತಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ರೋಮನ್ ಊರು ಪೊಂಪೇಯಿ ನೋಡಿ ಬಂದೆವು. ಗೈಡ್ ಎರಡು ಗಂಟೆಯಲ್ಲಿ ಫೋರಂ ಎಂಬ ಊರಿನ ಮುಖ್ಯ ಚೌಕ, ದೇವಸ್ಥಾನ, ನಾಟಕಶಾಲೆ, ಸ್ನಾನಗೃಹ ಎಲ್ಲ ತೋರಿಸಿದರು. ಅಮ್ಮ ಸುಮ್ನೆ ನೋಡುತ್ತಾ ಬಂದರು.

ವೆಟ್ಟಿ ಎಂಬ ಇಬ್ಬರು ಶ್ರೀಮಂತರ ಮನೆಗೆ ಹೋದಾಗ ಮಾತ್ರ ಅಮ್ಮ ನಿಂತುಬಿಟ್ಟರು. ಬಾಗಿಲು ದಾಟಿದರೆ ಮೇಲೆ ತೆರೆದ ಅಂಗಳ, ನಡುವೆ ಮಳೆನೀರಿನ ತೊಟ್ಟಿ. ‘ನಮ್ಮ ಅಜ್ಜನ ಮನೆ ಥರಾನೇ ಇದೆ’ ಅಂದರು. ಒಳಗೆ ಕಂಬಗಳ ಸಾಲು, ಕೈತೋಟ, ಗೋಡೆ ತುಂಬ ಚಿತ್ರ. ಎಲ್ಲ ನೋಡಿದ ಮೇಲೆ ಕೇಳಿದರು: ‘ಇಷ್ಟೊಂದು ಕೋಣೆ ಇದೆ. ಅಡುಗೆಮನೆ ಎಲ್ಲಿ? ನೀರು ಎಲ್ಲಿಂದ ತರ್ತಿದ್ರು? ಬಟ್ಟೆ ಎಲ್ಲಿ ಒಗೀತಿದ್ರು?’

ಗೈಡ್ ಒಂದು ಮೂಲೆಗೆ ಕೈ ತೋರಿಸಿ ಮುಂದೆ ಹೋದರು. ಅಮ್ಮನಿಗೆ ಬೇಜಾರಾಯಿತು. ನನಗೂ ಆಯಿತು, ಯಾಕೆಂದರೆ ಮೂರು ಪ್ರಶ್ನೆಯಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ, ಅಮ್ಮನಿಗೆ ಓದಿ ಹೇಳುತ್ತೇನೆ. ರಸ್ತೆಯ ನಡುವೆ ಮಂಡಿ ಎತ್ತರದ ದಪ್ಪ ಕಲ್ಲುಗಳನ್ನು ಯಾಕೆ ಹಾಕಿದ್ದಾರೆ ಅಂತಲೂ ಹೇಳಿ.

ಇಟ್ಟಿಗೆಗೂಡು

ನಿಮ್ಮ ಅಮ್ಮ ಕೇಳಿದ್ದೇ ಕೇಳಬೇಕಾದ ಪ್ರಶ್ನೆ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ.

ಆ ಮನೆಯಲ್ಲಿ ಅಂಗಳ ಎರಡಿದೆ. ನೀವು ಮೊದಲು ನೋಡಿದ್ದು ಬಂದವರಿಗೆ ತೋರಿಸುವ ದೊಡ್ಡ ಅಂಗಳ. ಅದರ ಬಲಕ್ಕೆ ಸಣ್ಣದೊಂದು ಅಂಗಳವಿದೆ, ಅದು ಕೆಲಸದವರದ್ದು. ಅಲ್ಲಿಯ ಗೋಡೆಯಲ್ಲಿ ಮನೆದೇವರ ಗೂಡು ಇದೆ. ನಡುವೆ ನೈವೇದ್ಯ ಮಾಡುವ ಯಜಮಾನನ ಆತ್ಮದೇವತೆ, ಎರಡು ಕಡೆ ಕುಣಿಯುವ ಲಾರ್ ದೇವರುಗಳು, ಕೆಳಗೆ ಹರಿದು ಬರುವ ದೊಡ್ಡ ಹಾವು. ಆ ಗೂಡಿನ ಪಕ್ಕದಲ್ಲೇ ಅಡುಗೆಮನೆ.

ಒಲೆ ಅಂದರೆ ಸೊಂಟದೆತ್ತರದ ಕಲ್ಲುಗಾರೆ ಕಟ್ಟೆ. ಕಟ್ಟೆಯ ಮೇಲೆಯೇ ಕೆಂಡ ಹರಡುತ್ತಿದ್ದರು. ಕೆಂಡದ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಕಂಚಿನ ಪಾತ್ರೆ. ಅಗೆಯುವಾಗ ಆ ಪಾತ್ರೆಗಳು ಒಲೆಯ ಮೇಲೆ ಇಟ್ಟ ಹಾಗೇ ಸಿಕ್ಕಿದವು. ಗೈಡ್ ತೋರಿಸಿದ ಮೂಲೆ ಅದೇ ಇರಬೇಕು.

ನೂರಾರು ಚದರ ಮೀಟರಿನ ಮನೆಗೆ ಅಡುಗೆಮನೆ ಮಾತ್ರ ಇಕ್ಕಟ್ಟು ಮೂಲೆ. ಈಗಿನ ಹಾಗೆ ಚಿಮಣಿ ಇರಲಿಲ್ಲ, ಹೊಗೆ ಕಿಟಕಿಯಲ್ಲೋ ಹೆಂಚಿನ ಸಂದಿಯಲ್ಲೋ ಹೋಗಬೇಕು. ಕಾರಣ ಸರಳ. ಅಡುಗೆ ಮಾಡುತ್ತಿದ್ದವರು ಗುಲಾಮರು. ಯಜಮಾನಿ ಅಲ್ಲಿ ನಿಲ್ಲುತ್ತಿರಲಿಲ್ಲ, ಹಾಗಾಗಿ ಅಲ್ಲಿ ಗಾಳಿ ಬೆಳಕು ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಮಂಡಕ್ಕಿ_ಮೆಣಸಿನಕಾಯಿ

ಇನ್ನೊಂದು ವಿಷಯ. ಎಷ್ಟೋ ಮನೆಗಳಲ್ಲಿ ಒಲೆಯ ಪಕ್ಕದಲ್ಲೇ ಕಕ್ಕಸು ಇರುತ್ತಿತ್ತು. ಪಾತ್ರೆ ತೊಳೆದ ನೀರನ್ನೇ ಅದಕ್ಕೆ ಸುರಿಯುತ್ತಿದ್ದರು.

ಶರಾವತಿ_ದಡ

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಒಂದು ನಿಮಿಷ ಮಾತೇ ಆಡಲಿಲ್ಲ. ‘ದೇವರಗೂಡು ಅಲ್ಲೇ, ಕಕ್ಕಸೂ ಅಲ್ಲೇನಾ’ ಅಂದರು.

ಹಳೇಮೈಸೂರು

ಮೇಡಂ, ನಿಮ್ಮ ಅಮ್ಮ ಹೇಳಿದ್ದು ಸರಿ, ಅದು ಪಕ್ಕಾ ತೊಟ್ಟಿ ಮನೆ. ರೋಮನ್ನರು ನಮ್ಮಿಂದಲೇ ಕಲಿತಿರಬೇಕು. ವ್ಯಾಪಾರ ಇತ್ತಲ್ಲ.

ಇಟ್ಟಿಗೆಗೂಡು

ಇಲ್ಲ ಸರ್, ಇದನ್ನು ಒಪ್ಪಲು ಆಗುವುದಿಲ್ಲ. ಇಟಲಿಯಲ್ಲಿ ಆ ಥರದ ಮನೆ ಭಾರತದ ವ್ಯಾಪಾರ ಜೋರಾಗುವುದಕ್ಕಿಂತ ಎಷ್ಟೋ ಮುಂಚೆಯಿಂದ ಇದೆ. ಬೆಳಕು ಬೇಕು, ಮಳೆನೀರು ಬೇಕು, ಬೀದಿಗೆ ಕಿಟಕಿ ಬೇಡ ಅಂದರೆ ಯಾರಿಗಾದರೂ ನಡುವೆ ಅಂಗಳ ಬಿಡುವುದು ಹೊಳೆಯುತ್ತದೆ. ಒಂದು ವ್ಯತ್ಯಾಸ ನೋಡಿ. ಅಲ್ಲಿ ಸೂರಿನಿಂದ ಬಿದ್ದ ನೀರು ತೊಟ್ಟಿಯಿಂದ ನೆಲದಡಿಯ ಟ್ಯಾಂಕಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಬಾವಿಕಟ್ಟೆಯಂಥ ಸಣ್ಣ ಕಲ್ಲಿನ ಬಾಯಿ, ಅದರಿಂದ ಹಗ್ಗ ಬಿಟ್ಟು ಸೇದುತ್ತಿದ್ದರು. ಆ ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳು ಈಗಲೂ ಕಾಣುತ್ತವೆ.

ಮಲೆನಾಡ_ಕೂಸು

ಸಾಗರದ ಕಡೆ ಅದನ್ನು ಚೌಕಿ ಮನೆ ಅಂತಾರೆ, ತೊಟ್ಟಿ ಮನೆ ಅಲ್ಲ 🙂

ಹಳೇಮೈಸೂರು

ಎರಡೂ ಒಂದೇ ಅಲ್ವಾ?

ಮಲೆನಾಡ_ಕೂಸು

ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ. ಇಲ್ಲಿ ಪೊಂಪೇಯಿ ಮುಂದುವರಿಯಲಿ.

ವಠಾರದ_ಹುಡುಗ

ಎಲ್ಲರೂ ಶ್ರೀಮಂತರ ಮನೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಊರಿನಲ್ಲಿ ಜಾಸ್ತಿ ಇದ್ದವರು ಅಂಥ ಮನೆಯವರಲ್ಲ. ಅಂಗಡಿಯ ಹಿಂದೆ ಒಂದು ಕೋಣೆ, ಇಲ್ಲ ಅಂಗಡಿಯ ಮೇಲೆ ಮರದ ಅಟ್ಟ. ಅಷ್ಟರಲ್ಲೇ ಸಂಸಾರ. ಅವರಿಗೆ ಒಲೆ ಎಲ್ಲಿಂದ ಬರಬೇಕು? ಬೀದಿಯ ಅಂಗಡಿಯಲ್ಲೇ ತಿನ್ನುತ್ತಿದ್ದರು.

ಕಲ್ಲಿನ ಕಟ್ಟೆ, ಅದರೊಳಗೆ ಹೂತಿಟ್ಟ ದೊಡ್ಡ ಮಡಕೆಗಳು ಇರುವ ಅಂಗಡಿಗಳನ್ನು ನೀವು ನೋಡಿರುತ್ತೀರಿ. ಅಂಥವು ಊರಲ್ಲಿ ಹೆಜ್ಜೆಗೊಂದು ಸಿಗುತ್ತವೆ. 2020ರಲ್ಲಿ ಒಂದನ್ನು ಪೂರ್ತಿ ಅಗೆದು ತೆಗೆದರು. ಕಟ್ಟೆಯ ಮುಂದೆ ಬಾತುಕೋಳಿ, ಹುಂಜ, ಹಗ್ಗ ಕಟ್ಟಿದ ನಾಯಿಯ ಚಿತ್ರ. ಬಣ್ಣ ನಿನ್ನೆ ಹಚ್ಚಿದ ಹಾಗಿದೆ. ಮಡಕೆಯ ತಳದಲ್ಲಿ ಬಾತುಕೋಳಿ, ಹಂದಿ, ಆಡು, ಮೀನು, ಬಸವನಹುಳು ಎಲ್ಲದರ ಚೂರು ಸಿಕ್ಕಿದೆ.

ಅಕ್ಕಿರೊಟ್ಟಿ

‘ಬಡವರು ಮನೆಯಲ್ಲಿ ಅಡುಗೆಯನ್ನೇ ಮಾಡುತ್ತಿರಲಿಲ್ಲ’ ಅನ್ನುವುದು ಅತಿಯಾಯಿತು. ಕಲ್ಲಿನ ಒಲೆ ಇಲ್ಲ ಅಂದ ಮಾತ್ರಕ್ಕೆ ಅಡುಗೆ ಇಲ್ಲವಾ? ಎತ್ತಿಡಬಹುದಾದ ಸಣ್ಣ ಅಗ್ಗಿಷ್ಟಿಕೆಗಳು ಬೇಕಾದಷ್ಟು ಸಿಕ್ಕಿವೆ. ನಮ್ಮ ಕಡೆ ಒಂದೇ ಕೋಣೆಯಲ್ಲಿದ್ದವರು ಇದ್ದಿಲ ಒಲೆ ಇಟ್ಟುಕೊಂಡು ಅಡುಗೆ ಮಾಡಿಲ್ಲವಾ?

ಪೊಂಪೇಯಿಯ ಜೊತೆಗೇ ಮುಚ್ಚಿಹೋದ ಪಕ್ಕದ ಊರು ಹರ್ಕ್ಯುಲೇನಿಯಂನಲ್ಲಿ ಒಂದು ಬೀದಿಯ ಕೆಳಗಿನ ಕಕ್ಕಸು ಗುಂಡಿಯ ಕಾಲುವೆಯನ್ನು ಜಾಲಾಡಿದ್ದಾರೆ. ಅದಕ್ಕೆ ಕಸ ಬೀಳುತ್ತಿದ್ದದ್ದು ಮೇಲಿನ ಅಂಗಡಿಗಳಿಂದ, ಬಾಡಿಗೆ ಮನೆಗಳಿಂದ. ದೊಡ್ಡವರ ಮನೆಗಳಿಂದಲ್ಲ. ಅಂಜೂರದ ಬೀಜ, ಆಲಿವ್, ಮೊಟ್ಟೆ ಚಿಪ್ಪು, ಮೀನಿನ ಮುಳ್ಳು, ಕಡಲ ಮುಳ್ಳುಕಾಯಿಯ ಚೂರು ಸಿಕ್ಕಿವೆ. ಸಾಧಾರಣ ಜನ ಚೆನ್ನಾಗಿಯೇ ತಿನ್ನುತ್ತಿದ್ದರು.

ವಠಾರದ_ಹುಡುಗ

ಸರಿ, ‘ಮಾಡುತ್ತಲೇ ಇರಲಿಲ್ಲ’ ಅಂದದ್ದನ್ನು ವಾಪಸ್ ತಗೊಂಡೆ. ರೊಟ್ಟಿ ಮಾತ್ರ ಹೊರಗಿನದ್ದೇ, ಅದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ನೀರುಗಂಟಿ

ನೀರಿನ ಪ್ರಶ್ನೆ ನನಗಿರಲಿ. ಮೂವತ್ತು ವರ್ಷ ನೀರು ಸರಬರಾಜು ಕೆಲಸ ಮಾಡಿ ನಿವೃತ್ತನಾದವನು. ಪೊಂಪೇಯಿಗೆ ಹೋದಾಗ ನಾನು ಚಿತ್ರ ನೋಡಲಿಲ್ಲ, ಪೈಪ್ ನೋಡಿದೆ.

ಮೊದಲು ಆ ಊರಿಗೆ ಆಧಾರ ಬಾವಿ, ಮಳೆನೀರು ಎರಡೇ. ಲಾವಾ ಬಂಡೆ ಕೊರೆದು ತೋಡಿದ ಬಹಳ ಆಳದ ಬಾವಿಗಳು. ಅಗಸ್ಟಸ್ ಚಕ್ರವರ್ತಿಯ ಕಾಲದ ಹೊತ್ತಿಗೆ ಬೆಟ್ಟದ ಬುಗ್ಗೆಯ ನೀರು ಕಾಲುವೆಯಲ್ಲಿ ಬಂತು. ಊರಿನ ಅತಿ ಎತ್ತರದ ಜಾಗ ಕೋಟೆಯ ವೆಸೂವಿಯಸ್ ಬಾಗಿಲು. ಅಲ್ಲಿ ಇಟ್ಟಿಗೆಯ ಒಂದು ಕಟ್ಟಡವಿದೆ, ನಮ್ಮ ಭಾಷೆಯಲ್ಲಿ ಹೇಳಿದರೆ ನೀರು ಹಂಚುವ ತೊಟ್ಟಿ. ಅಲ್ಲಿಂದ ನೀರು ಮೂರು ದಾರಿಯಾಗಿ ಒಡೆದು ಸೀಸದ ಪೈಪುಗಳಿಗೆ ಇಳಿಯುತ್ತಿತ್ತು. ಊರು ಅಲ್ಲಿಂದ ಕೆಳಗಿನ ಸ್ಟೇಬಿಯಾ ಬಾಗಿಲಿಗೆ 30 ಮೀಟರಿಗೂ ಜಾಸ್ತಿ ಇಳಿಜಾರು.

ಇಲ್ಲಿ ಒಂದು ಸಮಸ್ಯೆ. ಅಷ್ಟು ಎತ್ತರದಿಂದ ನೇರ ಬಿಟ್ಟರೆ ಕೆಳಗಿನ ಬೀದಿಯಲ್ಲಿ ಒತ್ತಡ ಜಾಸ್ತಿಯಾಗಿ ಪೈಪಿನ ಬೆಸುಗೆ ಬಿಟ್ಟುಹೋಗುತ್ತದೆ. ಅದಕ್ಕೆ ಬೀದಿ ಮೂಲೆಗಳಲ್ಲಿ ಎತ್ತರದ ಕಂಬ ಕಟ್ಟಿ, ತಲೆಯ ಮೇಲೆ ಸೀಸದ ತೊಟ್ಟಿ ಇಟ್ಟರು. ನೀರು ಕಂಬ ಹತ್ತಿ ತೊಟ್ಟಿಗೆ ಬೀಳುತ್ತದೆ, ಅಲ್ಲಿ ಒತ್ತಡ ಮುರಿಯುತ್ತದೆ, ಮತ್ತೆ ಇಳಿದು ಮುಂದಿನ ಕಂಬಕ್ಕೆ ಹೋಗುತ್ತದೆ. ಈ ಲೆಕ್ಕ ನೋಡಿ ನಾನು ಆ ಕಂಬದ ಬುಡದಲ್ಲಿ ಹತ್ತು ನಿಮಿಷ ನಿಂತಿದ್ದೆ. ನಾವು ಇವತ್ತು ಗುಡ್ಡದ ಊರಿಗೆ ನೀರು ಕೊಡುವಾಗ ಮಾಡುವುದೂ ಇದನ್ನೇ. ಕಂಬದ ಮೈಯಲ್ಲಿ ಪೈಪ್ ಕೂರಿಸಲು ಬಿಟ್ಟ ಉದ್ದನೆಯ ಸೀಳು ಈಗಲೂ ಇದೆ.

ಮನೆಗೆ ನಲ್ಲಿ ಇದ್ದದ್ದು ಅನುಕೂಲಸ್ಥರಿಗೆ. ಉಳಿದವರಿಗೆ ಬೀದಿ ತೊಟ್ಟಿ. ಊರಿನಲ್ಲಿ ಅಂಥವು ಸುಮಾರು 40 ಇವೆ. ನಾಲ್ಕು ಲಾವಾ ಚಪ್ಪಡಿ ನಿಲ್ಲಿಸಿ ಕಬ್ಬಿಣದ ಕೊಂಡಿ ಹಾಕಿ ಬಿಗಿದದ್ದು. ನೀರು ಬೀಳುವ ಕಲ್ಲಿನಲ್ಲಿ ಒಂದು ಮುಖ ಕೆತ್ತಿರುತ್ತಾರೆ. ಆ ಮುಖದ ಎರಡೂ ಪಕ್ಕ ತೊಟ್ಟಿಯ ಅಂಚು ಮುಟ್ಟಿ ನೋಡಿ ತಾಯಿ, ಕಲ್ಲು ಬಟ್ಟಲಿನ ಹಾಗೆ ಸವೆದಿದೆ. ಬಗ್ಗಿ ಕೊಡ ಹಿಡಿಯುವಾಗ ಒಂದು ಕೈ ಊರಬೇಕಲ್ಲ, ಆ ಕೈ ಬಿದ್ದ ಜಾಗ ಅದು.

ಶರಾವತಿ_ದಡ

ನೀರುಗಂಟಿ ಸರ್, ಆ ಸವೆದ ಕಲ್ಲಿನ ಮೇಲೆ ಅಮ್ಮ ಕೈಯಿಟ್ಟು ನಿಂತ ಫೋಟೋ ನನ್ನ ಹತ್ತಿರ ಇದೆ! ಸುಸ್ತಾಗಿ ಒರಗಿದ್ದಾರೆ ಅಂದುಕೊಂಡಿದ್ದೆ. ಈಗ ಜೂಮ್ ಮಾಡಿ ನೋಡಿದರೆ ಕೈ ಸರಿಯಾಗಿ ಆ ಗುಳಿಯಲ್ಲೇ ಕೂತಿದೆ.

ಬಿಸಿಲೂರು

ಆ ಮೂರು ದಾರಿ ಒಂದು ಬೀದಿಗೆ, ಒಂದು ಸ್ನಾನಗೃಹಕ್ಕೆ, ಒಂದು ಶ್ರೀಮಂತರ ಮನೆಗೆ ಅಂತ ಓದಿದ್ದೆ. ಬರಗಾಲದಲ್ಲಿ ಮೊದಲು ಶ್ರೀಮಂತರದ್ದು ಕಟ್ ಮಾಡುತ್ತಿದ್ದರಂತೆ. ಎಷ್ಟು ಒಳ್ಳೆಯ ವ್ಯವಸ್ಥೆ.

ನೀರುಗಂಟಿ

ಹಾಗೆ ಇರಬೇಕು ಅಂತ ವಿಟ್ರೂವಿಯಸ್ ಎಂಬ ಕಟ್ಟಡತಜ್ಞ ಬರೆದಿದ್ದ. ಅದನ್ನು ಓದಿದವರು ಪೊಂಪೇಯಿಯ ಮೂರು ದಾರಿ ನೋಡಿ ಇದೇ ಅದು ಅಂದುಬಿಟ್ಟರು. ಆದರೆ ಒಂದೇ ಕಂಬದ ತೊಟ್ಟಿಯಿಂದ ಬೀದಿಗೂ ಮನೆಗೂ ಪೈಪ್ ಹೋಗಿರುವುದು ಕಣ್ಣಿಗೇ ಕಾಣುತ್ತದೆ. ಮೂರು ದಾರಿ ಊರಿನ ಮೂರು ಭಾಗಕ್ಕೆ ಅನ್ನುವುದೇ ನನಗೆ ಸರಿ ಕಾಣುತ್ತದೆ.

ಗಣಿತದ_ಮೇಷ್ಟ್ರು

ಸೀಸದ ಪೈಪ್ ಅಂದ್ರೆ ವಿಷ ಅಲ್ವಾ? ರೋಮ್ ಸಾಮ್ರಾಜ್ಯ ಬಿದ್ದದ್ದೇ ಅದರಿಂದ ಅಂತಾರೆ.

ನೀರುಗಂಟಿ

ಮೇಷ್ಟ್ರೇ, ಗಡಸು ನೀರಾದ್ದರಿಂದ ಪೈಪಿನ ಒಳಗೆ ಸುಣ್ಣದ ಪದರ ಕಟ್ಟುತ್ತಿತ್ತು. ನೀರೂ ಹಗಲು ರಾತ್ರಿ ಹರಿಯುತ್ತಲೇ ಇರುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಂದ ಮಾತ್ರಕ್ಕೆ ಸೀಸ ಬೆರೆಯಲೇ ಇಲ್ಲ ಅಂತಲ್ಲ. ರೋಮ್ ನಗರದ ಬಂದರಿನ ಹೂಳನ್ನು ಪರೀಕ್ಷಿಸಿ 2014ರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿಯ ನಲ್ಲಿ ನೀರಿನಲ್ಲಿ ಬುಗ್ಗೆಯ ನೀರಿಗಿಂತ 100 ಪಟ್ಟಿನವರೆಗೆ ಸೀಸ ಇದ್ದಿರಬಹುದು, ಆದರೆ ಜನರನ್ನು ಕೆಡಿಸುವಷ್ಟಲ್ಲ ಅಂತ ಅದರ ತೀರ್ಮಾನ. ಸಾಮ್ರಾಜ್ಯ ಬಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕು.

ಹಂಪಿ_ಎಕ್ಸ್‌ಪ್ರೆಸ್

ರಸ್ತೆಯ ಕಲ್ಲುಗಳಿಗೆ ಉತ್ತರ ಇದರಲ್ಲೇ ಇದೆ. ಬೀದಿ ತೊಟ್ಟಿಗಳು ಸದಾ ತುಂಬಿ ಹರಿಯುತ್ತಿದ್ದವು. ಊರಿನ ಬಹುಪಾಲು ಕಡೆ ನೆಲದಡಿ ಚರಂಡಿ ಇಲ್ಲ. ಮಳೆನೀರು, ತೊಟ್ಟಿಯ ನೀರು, ಕತ್ತೆ ಸಗಣಿ, ಕಸ ಎಲ್ಲ ರಸ್ತೆಯಲ್ಲೇ. ಅದಕ್ಕೇ ಕಾಲುದಾರಿಯನ್ನು ಎತ್ತರಕ್ಕೆ ಕಟ್ಟಿದ್ದಾರೆ. ಈ ಕಡೆಯಿಂದ ಆ ಕಡೆಗೆ ಕಾಲು ಒದ್ದೆಯಾಗದೆ ದಾಟಲು ಆ ಕಲ್ಲುಗಳು. ಹೊಳೆಗೆ ಸಾರ ಹಾಕಿಕೊಳ್ಳುವುದಿಲ್ಲವಾ, ಅದೇ ಉಪಾಯ.

ಕಲ್ಲುಗಳ ನಡುವೆ ಗಾಡಿಯ ಚಕ್ರ ಹೋಗುವಷ್ಟು ಸಂದಿ ಬಿಟ್ಟಿದ್ದಾರೆ.

ಬಿಸಿಲೂರು

ಹಗಲು ಹೊತ್ತು ಗಾಡಿಗಳನ್ನೇ ಬಿಡುತ್ತಿರಲಿಲ್ಲ ತಾನೇ?

ಹಂಪಿ_ಎಕ್ಸ್‌ಪ್ರೆಸ್

ಆ ಕಾನೂನು ರೋಮ್ ನಗರದ್ದು, ಜೂಲಿಯಸ್ ಸೀಸರ್ ಕಾಲದ್ದು. ಪೊಂಪೇಯಿಗೂ ಅದೇ ಇತ್ತು ಅನ್ನಲು ಆಗುವುದಿಲ್ಲ. ಇಲ್ಲಿ ಬೇರೊಂದು ಶಿಸ್ತು ಇತ್ತು. ಎರಿಕ್ ಪೋಲರ್ ಎಂಬ ಸಂಶೋಧಕರು ಚಕ್ರ ಉಜ್ಜಿ ಸವೆದ ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಯಾವ ಮೂಲೆಯಲ್ಲಿ ಚಕ್ರ ಯಾವ ಕಡೆಯಿಂದ ತಿರುಗುವಾಗ ತಾಗಿದೆ ಅಂತ ಲೆಕ್ಕ ಹಾಕಿದರು. ಕೆಲವು ಬೀದಿಗಳು ಒನ್ ವೇ! ಎರಡು ಕಡೆಯಿಂದ ಬರುವ ಬೀದಿಗಳಲ್ಲಿ ಬಲಬದಿಯ ಓಡಾಟ. ಕಲ್ಲಿನ ಸವೆತ ನೋಡಿ ಟ್ರಾಫಿಕ್ ನಿಯಮ ಹೇಳುವುದು ಅಂದರೆ ಏನು ಸಾಮಾನ್ಯವಾ.

ಬೇಕರಿ_ಮನೆತನ

ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮದು ಹಾಸನದ ಕಡೆಯ ಕುಟುಂಬ, ಮೂರು ತಲೆಮಾರಿನಿಂದ ಬೇಕರಿ. ರೊಟ್ಟಿ ಹೊರಗಿನದ್ದೇ ಅನ್ನುವ ಮಾತಿಗೆ ನನ್ನ ಓಟು.

ಪೊಂಪೇಯಿಯಲ್ಲಿ 30ಕ್ಕೂ ಹೆಚ್ಚು ಬೇಕರಿ ಸಿಕ್ಕಿವೆ. ಬೀಸುವುದು, ನಾದುವುದು, ಸುಡುವುದು ಎಲ್ಲ ಒಂದೇ ಕಡೆ. ಬೀಸುವ ಕಲ್ಲು ಲಾವಾದ್ದು. ಕೆಳಗೆ ಶಂಕುವಿನಂಥ ಕಲ್ಲು, ಅದರ ಮೇಲೆ ಡಮರುವಿನ ಆಕಾರದ ಟೊಳ್ಳು ಕಲ್ಲು. ಮೇಲಿನ ಬಾಯಿಗೆ ಗೋಧಿ ಸುರಿದು, ಮರದ ತೊಲೆ ಸಿಕ್ಕಿಸಿ, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಲಾವಾ ಕಲ್ಲು ಯಾಕೆ ಅಂದರೆ ಅದರ ಮೈಯಲ್ಲೇ ಸಣ್ಣ ತೂತುಗಳಿವೆ. ಸವೆದಂತೆಲ್ಲ ಹೊಸ ತೂತು ಬಾಯಿ ತೆರೆಯುತ್ತದೆ, ಹಾಗಾಗಿ ನುಣ್ಣಗಾಗಿ ಜಾರುವುದಿಲ್ಲ. ಹಿಟ್ಟು ನಾದಲು ಕಲ್ಲಿನ ದೋಣಿಯೊಳಗೆ ತಿರುಗುವ ಮರದ ಕೈಗಳನ್ನು ಇಟ್ಟಿದ್ದರು. ನಮ್ಮ ಮಿಕ್ಸರಿನ ಅಜ್ಜ ಅನ್ನಿ.

ಮೊಡೆಸ್ಟಸ್ ಅನ್ನುವವನ ಹೆಸರಿನ ಬೇಕರಿಯ ಗೂಡಿನಲ್ಲಿ 81 ರೊಟ್ಟಿ ಸಿಕ್ಕಿದವು, ಇದ್ದಿಲಾಗಿ. ಗೂಡಿನ ಬಾಯಿಗೆ ಕಬ್ಬಿಣದ ಬಾಗಿಲು ಮುಚ್ಚಿತ್ತು. ನನಗೆ ಈ ಸಂಖ್ಯೆ ಮನಸ್ಸಿಂದ ಹೋಗುವುದಿಲ್ಲ. ಗೂಡಿನಲ್ಲಿ ರೊಟ್ಟಿ ಬಿಟ್ಟು ಯಾವ ಬೇಕರಿಯವನೂ ಸುಮ್ಮನೆ ಎದ್ದು ಹೋಗುವುದಿಲ್ಲ.

ಒಂದೊಂದು ರೊಟ್ಟಿಯೂ ದುಂಡಗೆ, ಮೇಲೆ ಎಂಟು ಭಾಗದ ಗೆರೆ. ಸುಡುವ ಮುಂಚೆಯೇ ಗೆರೆ ಹಾಕಬೇಕು, ಆಮೇಲೆ ಕೈಯಲ್ಲೇ ಮುರಿಯಬಹುದು, ಕತ್ತಿ ಬೇಡ.

ಅಕ್ಕಿರೊಟ್ಟಿ

ಎಷ್ಟು ಚೆನ್ನಾಗಿ ಬರೆದಿರಿ. ಬರೆಯುತ್ತಾ ಇರಿ ದಯವಿಟ್ಟು.

ಕೋಟೆಬೀದಿ

ಬೇಕರಿಯ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. 2023ರ ಡಿಸೆಂಬರಿನಲ್ಲಿ ಇನ್ನೊಂದು ಬೇಕರಿಯ ಸುದ್ದಿ ಬಂತು. ಒಂದು ಮನೆಯ ಹಿಂಭಾಗದಲ್ಲಿತ್ತು. ಅಲ್ಲಿಂದ ನೇರ ಬೀದಿಗೆ ಬಾಗಿಲೇ ಇಲ್ಲ. ಹೊರಗೆ ಬರಬೇಕಾದರೆ ಯಜಮಾನನ ಅಂಗಳ ದಾಟಿಯೇ ಬರಬೇಕು. ಸಣ್ಣ ಕಿಟಕಿಗಳು ಎತ್ತರದಲ್ಲಿ, ಅದಕ್ಕೂ ಕಬ್ಬಿಣದ ಸರಳು. ಗುಲಾಮರನ್ನೂ ಕತ್ತೆಗಳನ್ನೂ ಅಲ್ಲೇ ಕೂಡಿಹಾಕಿ ದುಡಿಸುತ್ತಿದ್ದರು. ಕತ್ತೆಗಳು ಒಂದಕ್ಕೊಂದು ಡಿಕ್ಕಿಯಾಗದೆ ಸುತ್ತಲಿ ಅಂತ ನೆಲದ ಕಲ್ಲಿನಲ್ಲಿ ಹೆಜ್ಜೆಯ ಗುಳಿಗಳನ್ನು ಕಡಿದಿದ್ದಾರೆ.

ನಾವು ನೀರಿನ ಕಂಬ ಹೊಗಳುತ್ತೇವೆ, ರಸ್ತೆ ಹೊಗಳುತ್ತೇವೆ. ಆ ಊರು ನಡೆಯುತ್ತಿದ್ದದ್ದು ಇವರಿಂದ.

ಹಳೇಮೈಸೂರು

ಆಗಿನ ಕಾಲವೇ ಹಾಗಿತ್ತು ಸರ್. ಈಗಿನ ಕಣ್ಣಿಂದ ನೋಡಬಾರದು.

ಕೋಟೆಬೀದಿ

ಸರಳು ಹಾಕಿದ ಕಿಟಕಿಯ ಒಳಗಿದ್ದವನಿಗೆ ಆಗಲೂ ಅದು ಸರಳೇ ಆಗಿತ್ತಲ್ಲವಾ. ಯಜಮಾನನ ಕಣ್ಣೊಂದೇ ಆಗಿನ ಕಾಲದ ಕಣ್ಣಲ್ಲ.

ಬೇಕರಿ_ಮನೆತನ

ಇಬ್ಬರಿಗೂ ಒಂದು ರೊಟ್ಟಿಯ ವಿಷಯ ಹೇಳುತ್ತೇನೆ. ಹರ್ಕ್ಯುಲೇನಿಯಂನಲ್ಲಿ ಸಿಕ್ಕಿದ್ದು, ಇದ್ದಿಲಾಗಿದೆ. ಅದರ ಮೇಲೆ ಒತ್ತಿದ ಮುದ್ರೆ ಈಗಲೂ ಓದಬಹುದು: ‘ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ಗುಲಾಮ ಸೆಲೆರ್‌ನದ್ದು.’ ಮನೆಯಲ್ಲಿ ನಾದಿ ಬೇರೆಯವರ ಗೂಡಿನಲ್ಲಿ ಸುಡುವಾಗ ಬೇರೆ ರೊಟ್ಟಿಗಳ ಜೊತೆ ಬೆರೆತುಹೋಗಬಾರದು ಅಂತ ಮುದ್ರೆ ಒತ್ತಿರಬಹುದು. ಈ ಸೆಲೆರ್ ಆಮೇಲೆ ಬಿಡುಗಡೆಯಾದ. ಬಿಡುಗಡೆಯಾದವರ ಹೆಸರುಗಳನ್ನು ಕೆತ್ತಿದ ಕಲ್ಲಿನಲ್ಲಿ ಅವನ ಹೆಸರು ಇದೆ.

ಮಡಿಕೋಲು

ಬಟ್ಟೆಯ ಪ್ರಶ್ನೆ ಹಾಗೇ ಉಳಿದಿದೆಯಲ್ಲ.

ದೊಡ್ಡ ಬೀದಿಯಲ್ಲೇ ಸ್ಟೆಫಾನಸ್ ಹೆಸರಿನ ಒಂದು ಅಗಸರ ಅಂಗಡಿ ಇದೆ. ಬೀದಿ ಕಡೆ ಕೌಂಟರು, ಹಿಂದೆ ಒಂದರ ಪಕ್ಕ ಒಂದು ಗಾರೆ ತೊಟ್ಟಿಗಳು. ಬಟ್ಟೆಯನ್ನು ಮೊದಲು ಸಣ್ಣ ತೊಟ್ಟಿಯಲ್ಲಿ ಹಾಕಿ ಕಾಲಿನಲ್ಲಿ ತುಳಿಯುತ್ತಿದ್ದರು. ಸೋಪ್ ಇಲ್ಲ. ನೀರಿಗೆ ಹಳಸಿದ ಮೂತ್ರ, ಜೊತೆಗೆ ಜಿಡ್ಡು ಹೀರುವ ಮಣ್ಣು. ನಮ್ಮ ಕಡೆ ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆಗೆ ಇಡುತ್ತಿದ್ದರಲ್ಲ, ಮಣ್ಣಿನ ಕೆಲಸ ಅದೇ. ಆಮೇಲೆ ದೊಡ್ಡ ತೊಟ್ಟಿಗಳಲ್ಲಿ ಜಾಲಿಸುವುದು. ವೆಸ್ಪಾಸಿಯನ್ ಚಕ್ರವರ್ತಿ ಮೂತ್ರದ ಮೇಲೂ ತೆರಿಗೆ ಹಾಕಿದ್ದ ಅಂದರೆ ಅದರ ವ್ಯಾಪಾರ ಎಷ್ಟಿತ್ತು ಯೋಚಿಸಿ. ಇಡೀ ದಿನ ಅದರಲ್ಲಿ ನಿಂತವರ ಕಾಲಿನ ಗತಿಯನ್ನೂ ಯೋಚಿಸಿ.

ಮಂಡಕ್ಕಿ_ಮೆಣಸಿನಕಾಯಿ

ಗಂಟೆಗಟ್ಟಲೆ ಊಟ ಮಾಡಿ ವಾಂತಿ ಮಾಡಲು ಬೇರೆ ಕೋಣೆ ಇತ್ತಂತೆ, ‘ವಾಮಿಟೋರಿಯಂ’. ಅದು ಯಾವ ಮನೆಯಲ್ಲಿದೆ?

ಇಟ್ಟಿಗೆಗೂಡು

ಯಾವ ಮನೆಯಲ್ಲೂ ಇಲ್ಲ. ಆ ಹೆಸರು ಗ್ಲಾಡಿಯೇಟರ್ ಕಾಳಗ ನೋಡುವ ಅಖಾಡದಿಂದ ಜನ ಹೊರಗೆ ಬರುವ ದಾರಿಯದ್ದು. ಆಟ ಮುಗಿದ ಕೂಡಲೇ ಜನರನ್ನು ಹೊರಗೆ ಉಗುಳುವ ಬಾಗಿಲು ಅಂತ ಅರ್ಥ. ಪೊಂಪೇಯಿಯ ಅಖಾಡದಲ್ಲಿ 20,000 ಜನ ಕೂರಬಹುದಿತ್ತು. ಕ್ರಿ.ಶ. 59ರಲ್ಲಿ ಪಕ್ಕದ ನುಸೇರಿಯ ಊರಿನವರ ಜೊತೆ ಅಲ್ಲೇ ಹೊಡೆದಾಟ ಆಗಿ ಜನ ಸತ್ತರು. 10 ವರ್ಷ ಆಟ ನಿಲ್ಲಿಸಿ ಅಂತ ರೋಮಿನಿಂದ ಆಜ್ಞೆ ಬಂತು. ಆ ಜಗಳದ ಚಿತ್ರವನ್ನು ಒಬ್ಬ ತನ್ನ ಮನೆಯ ಗೋಡೆಗೆ ಬರೆಸಿಕೊಂಡಿದ್ದ.

ಗೋಡೆಬರಹ

ಗೋಡೆ ಅಂದಿರಿ, ನಾನು ಬಂದೆ. ಆ ಊರಿನ ಗೋಡೆಗಳಲ್ಲಿ ಸಾವಿರಾರು ಬರಹಗಳಿವೆ. ನನಗೆ ಇಷ್ಟವಾದ ಕೆಲವು ಹೇಳುತ್ತೇನೆ.

ಒಂದು ಟು-ಲೆಟ್ ಬೋರ್ಡು. ಜುಲೈ 1ರಿಂದ ಅಟ್ಟದ ಸಮೇತ ಅಂಗಡಿಗಳು, ಒಳ್ಳೆಯ ಮಹಡಿ ಕೋಣೆಗಳು ಬಾಡಿಗೆಗಿವೆ, ಬೇಕಾದವರು ನಿಗಿಡಿಯಸ್ ಮಾಯಸ್‌ನ ಗುಲಾಮ ಪ್ರೀಮಸ್‌ನನ್ನು ನೋಡಿ ಅಂತ. ಇನ್ನೊಂದು ಸಂತೆಯ ಪಟ್ಟಿ. ಶನಿವಾರ ಪೊಂಪೇಯಿ, ಭಾನುವಾರ ನುಸೇರಿಯ, ಹೀಗೆ ಊರೂರಿನ ಸಂತೆ ದಿನ. ಯಾರೋ ವ್ಯಾಪಾರಿ ನೆನಪಿಗೆ ಬರೆದುಕೊಂಡಿರಬೇಕು.

ಚುನಾವಣೆಯ ಬರಹಗಳಂತೂ ಲೆಕ್ಕವಿಲ್ಲ. ಇಂಥವರನ್ನು ಗೆಲ್ಲಿಸಿ ಅಂತ ಬೇಕರಿಯವರು, ಹಣ್ಣಿನವರು, ಅಗಸರು ಬರೆಸಿದ್ದಾರೆ. ಹೆಂಗಸರಿಗೆ ಓಟಿಲ್ಲದಿದ್ದರೂ ಅಸೆಲಿನ ಎಂಬವಳ ಅಂಗಡಿಯ ಗೋಡೆಯಲ್ಲಿ ಹೆಂಗಸರ ಹೆಸರಲ್ಲೇ ಇಂಥ ಬರಹಗಳಿವೆ. ಇವನ್ನು ಬರೆಯಲು ಬೇರೆ ಪೇಂಟರುಗಳಿದ್ದರು. ಒಬ್ಬ ಕೊನೆಯಲ್ಲಿ ತನ್ನ ಸಹಿಯನ್ನೂ ಹಾಕಿದ್ದಾನೆ: ‘ಎಮಿಲಿಯಸ್ ಸೆಲೆರ್, ಒಬ್ಬನೇ, ಬೆಳದಿಂಗಳಲ್ಲಿ ಬರೆದದ್ದು.’

ಮಲೆನಾಡ_ಕೂಸು

ಬೆಳದಿಂಗಳಲ್ಲಿ! ❤️

ಗಣಿತದ_ಮೇಷ್ಟ್ರು

ಇದೇ ಸೆಲೆರ್ ರೊಟ್ಟಿಯವನಾ?

ಗೋಡೆಬರಹ

ಅಲ್ಲ ಮೇಷ್ಟ್ರೇ. ಆ ಹೆಸರು ಆಗ ಸಾಮಾನ್ಯ, ‘ಚುರುಕಿನವನು’ ಅಂತ ಅರ್ಥ. ರೊಟ್ಟಿಯವನು ಹರ್ಕ್ಯುಲೇನಿಯಂನವನು.

ಸಹಾರಾ_ಸುತ್ತಾಟ

ಒಂದು ತಕರಾರು. ರೋಮನ್ ಊರು ಅಂದರೆ ಪೊಂಪೇಯಿ ಮಾತ್ರ ಅನ್ನುವ ಹಾಗೆ ಆಗಿದೆ. ಪೊಂಪೇಯಿ ರೋಮನ್ನರು ಬರುವ ಮುಂಚೆಯೇ ಬೆಳೆದ ಊರು. ಅದಕ್ಕೇ ಫೋರಂ ಸುತ್ತ ಬೀದಿಗಳು ಅಂಕುಡೊಂಕು. ರೋಮನ್ನರು ಖಾಲಿ ನೆಲದಲ್ಲಿ ಊರು ಕಟ್ಟಿದರೆ ಹೇಗಿರುತ್ತದೆ ನೋಡಬೇಕಾದರೆ ಆಲ್ಜೀರಿಯಾದ ಟಿಮ್ಗಾಡ್ ನೋಡಿ. ಕೆಲಸದ ಮೇಲೆ ಆ ದೇಶದಲ್ಲಿದ್ದಾಗ ಹೋಗಿದ್ದೆ.

ಕ್ರಿ.ಶ. 100ರಲ್ಲಿ ಟ್ರಾಜನ್ ಚಕ್ರವರ್ತಿ ನಿವೃತ್ತ ಸೈನಿಕರಿಗಾಗಿ ಕಟ್ಟಿಸಿದ್ದು. ಒಂದೊಂದು ಬದಿ ಸುಮಾರು 355 ಮೀಟರಿನ ಚೌಕ. ಒಳಗೆ ಚದುರಂಗದ ಹಾಸಿನಂತೆ ಬೀದಿಗಳು. ಎರಡು ಮುಖ್ಯ ಬೀದಿ ಸೇರುವ ಕಡೆ ಫೋರಂ. ಕೆಲವು ತಲೆಮಾರು ಕಳೆದ ಮೇಲೆ ಊರು ಚೌಕದೊಳಗೆ ಹಿಡಿಸಲಿಲ್ಲ. ಹೊರಗೆ ಬೆಳೆದ ಬಡಾವಣೆಗಳಲ್ಲಿ ಆ ನೇರ ಗೆರೆಯೂ ಉಳಿಯಲಿಲ್ಲ. ಫೋರಂನ ಕಲ್ಲುಹಾಸಿನಲ್ಲಿ ಯಾರೋ ಆಟದ ಮಣೆ ಕೆತ್ತಿ ಬರೆದಿದ್ದಾರೆ: ‘ಬೇಟೆಯಾಡು, ಸ್ನಾನ ಮಾಡು, ಆಟವಾಡು, ನಗು. ಬದುಕು ಅಂದರೆ ಇದೇ.’

ವಠಾರದ_ಹುಡುಗ

ಹಾಗಾದರೆ ಓಸ್ಟಿಯಾನೂ ಸೇರಿಸಿ. ರೋಮಿನ ಬಂದರು. ಅಲ್ಲಿ ತೆರೆದ ಅಂಗಳದ ಹಳೇ ಥರದ ಮನೆ ಕಡಿಮೆ. ಇಟ್ಟಿಗೆಯ ಮೂರು ನಾಲ್ಕು ಮಹಡಿಯ ವಠಾರಗಳೇ ಜಾಸ್ತಿ. ಕೆಳಗೆ ಅಂಗಡಿ, ಪಕ್ಕದಲ್ಲಿ ಬೀದಿಯಿಂದಲೇ ಹತ್ತುವ ಮೆಟ್ಟಿಲು. ಲಿಫ್ಟ್ ಇಲ್ಲದ ಕಾಲ, ಹಾಗಾಗಿ ಮೇಲೆ ಹೋದಷ್ಟೂ ಬಡವರು. ರೋಮಿನಲ್ಲಿ ಇವು ಕುಸಿದು, ಬೆಂಕಿ ಬಿದ್ದು ಸಾಯುವವರು ಜಾಸ್ತಿಯಾಗಿ ಅಗಸ್ಟಸ್ ಎತ್ತರಕ್ಕೆ 70 ರೋಮನ್ ಅಡಿಯ ಮಿತಿ ಹಾಕಿದ. ಟ್ರಾಜನ್ ಅದನ್ನು 60ಕ್ಕೆ ಇಳಿಸಿದ.

ಬಿಸಿಲೂರು

ಆಗಸ್ಟ್ 24ಕ್ಕೆ ಅಲ್ವಾ ಪೊಂಪೇಯಿ ಮುಚ್ಚಿಹೋದದ್ದು? ಅಮ್ಮ ಯಾವ ತಿಂಗಳು ಹೋಗಿದ್ದರು?

ಗೋಡೆಬರಹ

ಆ ದಿನಾಂಕವೂ ಈಗ ಅನುಮಾನ. 2018ರಲ್ಲಿ ಒಂದು ಮನೆಯ ಗೋಡೆಯಲ್ಲಿ ಇದ್ದಿಲಿನ ಬರಹ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 17. ವರ್ಷ ಬರೆದಿಲ್ಲ. ಆದರೆ ಇದ್ದಿಲಿನ ಗೆರೆ ಬಹಳ ದಿನ ಉಳಿಯುವುದಿಲ್ಲ ಅನ್ನುವುದು ಒಂದು ವಾದ. ಹಾಗಾಗಿ ಕ್ರಿ.ಶ. 79ರ ಅಕ್ಟೋಬರ್ ಕೊನೆಗೆ ಆದದ್ದು ಅಂತ ಬಹಳ ಜನ ಹೇಳುತ್ತಾರೆ.

ಹಳೇಮೈಸೂರು

ನನ್ನ ವ್ಯಾಪಾರದ ಮಾತನ್ನು ಎಲ್ಲರೂ ಬಿಟ್ಟುಬಿಟ್ಟಿರಿ. ಪೊಂಪೇಯಿಯಲ್ಲೇ ಲಕ್ಷ್ಮಿಯ ವಿಗ್ರಹ ಸಿಕ್ಕಿದೆ. ನಮ್ಮ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿವೆ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ದೊಡ್ಡ ಗಂಟೇ ಸಿಕ್ಕಿದೆ. ರೋಮನ್ನರು ಬೆಂಗಳೂರಿನಲ್ಲಿ ಇದ್ದರು ಅಂತಾಯಿತಲ್ಲ.

ಕೋಟೆಬೀದಿ

ನಾಣ್ಯ ಸಿಕ್ಕಿದ್ದು ನಿಜ, ವಿಗ್ರಹ ಸಿಕ್ಕಿದ್ದೂ ನಿಜ. ಅದು 1938ರಲ್ಲಿ ಸಿಕ್ಕ ಗೇಣುದ್ದದ ದಂತದ ಹೆಣ್ಣು ಮೂರ್ತಿ, ಈಗ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿದೆ. ಲಕ್ಷ್ಮಿ ಅಂತ ಹೆಸರು ಬಿತ್ತು, ಆದರೆ ಯಕ್ಷಿ ಅನ್ನುವವರೇ ಜಾಸ್ತಿ. ಅಂಥದ್ದೇ ಮೂರ್ತಿಗಳು ಮಹಾರಾಷ್ಟ್ರದ ತೇರ್, ಭೋಕರ್ದನ್‌ನಲ್ಲಿ ಸಿಕ್ಕಿವೆ.

ಆದರೆ ನಾಣ್ಯ ಕೈಯಿಂದ ಕೈಗೆ ಬರುತ್ತದೆ. ಅದರ ಹಿಂದೆ ಅದನ್ನು ಅಚ್ಚು ಹಾಕಿಸಿದವನೂ ಬಂದಿರಬೇಕು ಅಂತಿಲ್ಲ.

ಹಳೇಮೈಸೂರು

ಸರಿ ಸರ್. ನಾಣ್ಯ ಬಂತು ಅನ್ನುವುದೇ ನನಗೆ ಖುಷಿ.

ನೀರುಗಂಟಿ

ಮತ್ತೆ ಹೋಗುವವರಿಗೆ ಒಂದು ಮಾತು. ಗೈಡುಗಳು ಹೆಚ್ಚಾಗಿ ಫೋರಂನಿಂದ ಶುರು ಮಾಡುತ್ತಾರೆ. ನೀವು ವೆಸೂವಿಯಸ್ ಬಾಗಿಲಿನ ನೀರಿನ ಕಟ್ಟಡದಿಂದ ಶುರು ಮಾಡಿ. ಅಲ್ಲಿಂದ ನೀರು ಇಳಿದ ದಾರಿಯಲ್ಲೇ ಕೆಳಗೆ ನಡೆಯಿರಿ. ಕಂಬ, ತೊಟ್ಟಿ, ಬೇಕರಿ, ಸ್ನಾನಗೃಹ ಎಲ್ಲ ಅದೇ ದಾರಿಯ ಆಚೀಚೆ ಸಿಗುತ್ತವೆ. ಕಾಲುದಾರಿಯ ಅಂಚಿನಲ್ಲಿ ಸೀಸದ ಪೈಪ್ ಕೂಡ ಅಲ್ಲಲ್ಲಿ ಕಾಣುತ್ತದೆ. ಊರು ಮುಚ್ಚಿಹೋದ ದಿನ ಪೈಪ್ ರಿಪೇರಿ ನಡೆಯುತ್ತಿತ್ತು. ಅಗೆದಿಟ್ಟ ಗುಂಡಿಗಳು ಹಾಗೇ ಬೂದಿಗಲ್ಲಿನಿಂದ ತುಂಬಿಹೋಗಿದ್ದವು. ಆ ಕೆಲಸ ಅರ್ಧಕ್ಕೇ ನಿಂತಿತು.

ಶರಾವತಿ_ದಡ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ, ಎರಡು ದಿನ ಹಿಡಿಯಿತು. ರೊಟ್ಟಿಯ ಮುದ್ರೆಯ ಕಥೆ ಎರಡು ಸಲ ಓದಿಸಿದರು. ಅಮ್ಮನಿಗೆ ಇನ್ನೊಂದು ಪ್ರಶ್ನೆ ಇದೆ: ‘ಆ ಹೊಗೆ ಅಡುಗೆಮನೆಯಲ್ಲಿ ಬೇಯಿಸಿದವಳು ರಾತ್ರಿ ಎಲ್ಲಿ ಮಲಗ್ತಿದ್ದಳು?’

ಕೋಟೆಬೀದಿ

ಎಷ್ಟೋ ಮನೆಗಳಲ್ಲಿ ಅವರಿಗೆ ಅಂತ ಕೋಣೆ ಗುರುತಿಸಲು ಆಗುವುದಿಲ್ಲ. ಅಡುಗೆಮನೆಯ ಮೂಲೆ, ಅಟ್ಟ, ಯಜಮಾನನ ಬಾಗಿಲ ಮುಂದೆ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಮಲಗುತ್ತಿದ್ದಿರಬೇಕು.

ಒಂದು ಕಡೆ ಮಾತ್ರ ಕಣ್ಣಿಗೆ ಕಾಣುತ್ತದೆ. ಪೊಂಪೇಯಿ ಕೋಟೆಯ ಹೊರಗೆ ಚಿವಿಟಾ ಜೂಲಿಯಾನ ಅನ್ನುವ ಜಾಗದಲ್ಲಿ ಒಂದು ದೊಡ್ಡ ತೋಟದ ಮನೆ. ಅಲ್ಲಿ 2021ರಲ್ಲಿ ಗುಲಾಮರ ಕೋಣೆ ಸಿಕ್ಕಿತು. 16 ಚದರ ಮೀಟರ್. ಮರ, ಬಟ್ಟೆ, ಹಗ್ಗ ಎಲ್ಲ ಕೊಳೆತು ಬೂದಿಯಲ್ಲಿ ಅವುಗಳ ಅಚ್ಚು ಉಳಿದಿತ್ತು. ಅದಕ್ಕೆ ಪ್ಲಾಸ್ಟರ್ ಸುರಿದು ತೆಗೆದರು. ಹಗ್ಗದ ಮಂಚ ಮೂರು, ಮೇಲೆ ಮುದುಡಿದ ಹೊದಿಕೆ. ಮಂಚದ ಕೆಳಗೆ ಅವರ ಸಣ್ಣಪುಟ್ಟ ಸಾಮಾನು. ಕೋಣೆಯ ನಡುವೆ ಕುದುರೆ ಸಾಮಾನಿನ ಮರದ ಪೆಟ್ಟಿಗೆ, ಮೂಲೆಯಲ್ಲಿ ಎಂಟು ದೊಡ್ಡ ಜಾಡಿ. ಮಲಗುವ ಕೋಣೆಯೂ ಅದೇ, ಉಗ್ರಾಣವೂ ಅದೇ. ಎರಡು ಮಂಚ 1.70 ಮೀಟರ್ ಉದ್ದ. ಮೂರನೆಯದು 1.40. ಒಂದು ಸಂಸಾರ ಇದ್ದಿರಬಹುದು, ಚಿಕ್ಕದು ಮಗುವಿನದ್ದು ಅಂತ ಅಗೆದವರು ಹೇಳುತ್ತಾರೆ.

ಶರಾವತಿ_ದಡ

1.40 ಅಂದರೆ ಹೆಚ್ಚುಕಡಿಮೆ ನನ್ನ ಮಗಳ ಎತ್ತರ. ಈಗ ಇಲ್ಲಿ ರಾತ್ರಿ ಹತ್ತು ಗಂಟೆ, ಊರಲ್ಲಿ ಅಮ್ಮ ಮಲಗಿದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಫೋನ್ ಮಾಡಿ ಇದನ್ನು ಓದಿ ಹೇಳುತ್ತೇನೆ. ನೀರುಗಂಟಿ ಸರ್, ಮುಂದಿನ ಸಲ ನಿಮ್ಮ ದಾರಿಯಲ್ಲೇ ನಡೆಯುತ್ತೇವೆ, ಮಗಳನ್ನೂ ಕರೆದುಕೊಂಡು.